ಒಳಗೆ ಲಿನಕ್ಸ್, ಹೊರಗೆ ಬೀಗ

ಕೋರ್ಗ್ ಕ್ರೋನೋಸ್ ಕೀಬೋರ್ಡಿನ ಸ್ವಿಚ್ಚು ಒತ್ತಿದ ಮೇಲೆ ಎರಡು ನಿಮಿಷ ಕೈಕಟ್ಟಿ ಕೂರಬೇಕು. ಅದರ ಸ್ವಭಾವ ಬಲ್ಲ ವಾದಕರು ಅಷ್ಟರಲ್ಲಿ ಕುರ್ಚಿ ಸರಿಮಾಡಿಕೊಳ್ಳುತ್ತಾರೆ, ಪೆಡಲಿನ ವೈರು ಗಟ್ಟಿಯಾಗಿ ಕೂತಿದೆಯೇ ಎಂದು ಎಳೆದು ನೋಡುತ್ತಾರೆ, ಕಾಫಿ ತರಲು ಹೋದವನು ಬಂದನೇ ಎಂದು ಬಾಗಿಲ ಕಡೆ ಕಣ್ಣು ಹಾಯಿಸುತ್ತಾರೆ. ಸ್ಟುಡಿಯೋಗೆ ಹೊಸದಾಗಿ ಸೇರಿದ ಹುಡುಗ ಮಾತ್ರ "ಕರೆಂಟ್ ಸರಿಯಾಗಿ ಬರ್ತಿಲ್ಲ ಅನ್ಸುತ್ತೆ ಸರ್" ಎನ್ನುತ್ತ ಪ್ಲಗ್ಗಿನ ಹತ್ತಿರ ಬಗ್ಗುತ್ತಾನೆ. ಕರೆಂಟು ಸರಿಯಾಗಿಯೇ ಇರುತ್ತದೆ. ಆ ಎರಡು ನಿಮಿಷದಲ್ಲಿ ಪೆಟ್ಟಿಗೆಯೊಳಗೆ ಒಂದಿಡೀ ಕಂಪ್ಯೂಟರ್ ಎದ್ದು ಕೂರುತ್ತಿರುತ್ತದೆ: ಇಂಟೆಲ್ ಪ್ರೊಸೆಸರ್, ಎಸ್‌ಎಸ್‌ಡಿ ಡಿಸ್ಕ್, ಅವೆರಡನ್ನೂ ನಡೆಸುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ.

ಕ್ರೋನೋಸ್ ಬಂದದ್ದು 2011ರಲ್ಲಿ. ಅದಕ್ಕೂ ಮುಂಚೆ, 2005ರಲ್ಲಿ ಅದೇ ಕಂಪನಿ ಹೊರತಂದ ಒಯಾಸಿಸ್ ಕೂಡ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಯಮಹಾದ ಮೋಟಿಫ್ ಎಕ್ಸ್‌ಎಸ್ ಒಳಗೂ ಅದೇ. ಅಕಾಯ್ ಕಂಪನಿಯ ಎಂಪಿಸಿ ಲೈವ್ 2017ರಲ್ಲಿ ಕಂಪ್ಯೂಟರಿನ ಹಂಗು ತೊರೆದು ಸ್ವತಂತ್ರವಾಗಿ ನಿಂತಾಗ ಅದು ಊರಿಕೊಂಡದ್ದೂ ಲಿನಕ್ಸ್ ಮೇಲೆ. ಇವೆಲ್ಲಕ್ಕಿಂತ ಸೋಜಿಗದ್ದು 2023ರ ಏಬಲ್ಟನ್ ಪುಶ್ 3. ಅದರ ಸ್ವತಂತ್ರ ಮಾದರಿಯಲ್ಲಿ ಏಬಲ್ಟನ್ ಲೈವ್ ಎಂಬ ಪ್ರಸಿದ್ಧ ತಂತ್ರಾಂಶ ಲಿನಕ್ಸ್ ಮೇಲೆ ಓಡುತ್ತದೆ. ಬೆರಳು ತಾಕಿದರೆ ಮಿನುಗುವ ಅರವತ್ತನಾಲ್ಕು ಗುಂಡಿಗಳ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಹಾಡು ಕಟ್ಟಬಹುದು. ಆದರೆ ಅದೇ ಲೈವ್ ಅನ್ನು ನಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಕೊಡಿ, ಹಣ ಕೊಡುತ್ತೇವೆ ಎಂದರೆ ಅದು ಮಾರಾಟಕ್ಕಿಲ್ಲ. ವಿಂಡೋಸ್ ಅಥವಾ ಮ್ಯಾಕ್ ತಗೊಂಡು ಬನ್ನಿ.

ಲಿನಕ್ಸ್‌ನಲ್ಲಿ ಸಂಗೀತ ಮಾಡಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಪೆಟ್ಟಿಗೆಗಳು ನೆನಪಾಗುತ್ತವೆ. ತಯಾರಕರಿಗೆ ಆಗುತ್ತದೆ. ಬಳಸುವವರಿಗೆ ಕೊಡುವ ಮನಸ್ಸಾಗಿಲ್ಲ, ಅಷ್ಟೆ.

ಬೆಂಗಳೂರಿನ ಶ್ರೀನಗರದಲ್ಲಿ ಒಂದು ಮನೆಯ ಮಹಡಿಯ ಕೋಣೆ. ಹತ್ತಡಿಗೆ ಹತ್ತಡಿ ಇದ್ದೀತು. ಕಿಟಕಿಗೆ ಒಳಗಿನಿಂದ ಹಳೆಯ ರಜಾಯಿ ಬಿಗಿದಿದೆ, ಅದರ ಮೇಲೆ ಕಪ್ಪು ಫೋಮಿನ ಹಲಗೆಗಳು. ಫ್ಯಾನು ಇದೆ, ಆದರೆ ಟೇಕ್ ನಡೆಯುವಾಗ ಆರಿಸಲೇಬೇಕು. ಏಪ್ರಿಲ್ ತಿಂಗಳಲ್ಲಿ ಹಾಡುವವರ ಕಷ್ಟ ಹಾಡುವವರಿಗೇ ಗೊತ್ತು. ಮೇಜಿನ ಮೇಲೆ ಎರಡು ಮಾನಿಟರ್ ಸ್ಪೀಕರು, ಕೆಂಪು ಬಣ್ಣದ ಪುಟ್ಟ ಸೌಂಡ್ ಕಾರ್ಡು, ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಆರಿಸಿ ಕಟ್ಟಿಸಿದ ಕಂಪ್ಯೂಟರ್, ಅದರೊಳಗೆ ಲಿನಕ್ಸ್. ಕೆಳಗೆ ಯುಪಿಎಸ್. ಇದರ ಒಡೆಯ ಕಿರುಚಿತ್ರ, ಜಾಹೀರಾತು, ಭಕ್ತಿಗೀತೆ, ಭಾವಗೀತೆ, ಬಂದದ್ದನ್ನೆಲ್ಲ ಮಾಡುವ ಯುವಕ. ರಿದಂ ಪ್ರೋಗ್ರಾಮಿಂಗ್ ಅವನೇ, ಕೀಬೋರ್ಡ್ ಅವನೇ, ಮಿಕ್ಸಿಂಗ್ ಅವನೇ. ಬಿಲ್ಲು ಬರೆಯುವವನೂ ಬಾಕಿ ಕೇಳಲು ಫೋನು ಮಾಡುವವನೂ ಅವನೇ.

ನಾನು ಹೋದ ದಿನ ಪಿಟೀಲು ರೆಕಾರ್ಡಿಂಗ್ ಇತ್ತು. ನುಡಿಸಲು ಬಂದವರು ಅವನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡು ಒಂದು ಸಂಗತಿ ನುಡಿಸಿದರು, ನಿಲ್ಲಿಸಿದರು, ಮತ್ತೆ ನುಡಿಸಿದರು.

"ಏನಪ್ಪಾ ಇದು? ನಾನು ಕಮಾನು ಎಳೆದ ಮೇಲೆ ನಿನ್ನ ಮಿಷನ್ನು ಸ್ವಲ್ಪ ಯೋಚನೆ ಮಾಡಿ ನುಡೀತಿದೆಯಲ್ಲ!"

"ಒಂದ್ನಿಮಿಷ ಮೇಷ್ಟ್ರೇ, ಬಫರ್ ಕಮ್ಮಿ ಮಾಡ್ತೀನಿ."

ಅವನು ಪರದೆಯಲ್ಲಿ 1024 ಇದ್ದದ್ದನ್ನು 128 ಮಾಡಿದ. ಮೇಷ್ಟ್ರು ಮತ್ತೆ ಕಮಾನು ಎಳೆದರು. ಈ ಸಲ ತಲೆಯಾಡಿಸಿದರು.

ಆ ಅಂಕಿಗಳಲ್ಲೇ ಈ ಕಸುಬಿನ ಗುಟ್ಟಿದೆ. ಕಂಪ್ಯೂಟರ್ ದನಿಯನ್ನು ಸೆಕೆಂಡಿಗೆ 48,000 ಚೂರುಗಳಾಗಿ ಕತ್ತರಿಸಿ ತೆಗೆದುಕೊಳ್ಳುತ್ತದೆ. ಚೂರುಗಳನ್ನು ಒಂದೊಂದಾಗಿ ಸಾಗಿಸುವುದಿಲ್ಲ, ಒಂದಿಷ್ಟನ್ನು ಬಫರಿನಲ್ಲಿ ಕೂಡಿಟ್ಟು ಒಮ್ಮೆಗೇ ಸಾಗಿಸುತ್ತದೆ. 1024 ಚೂರು ಕೂಡುವ ಹೊತ್ತಿಗೆ 21 ಮಿಲಿಸೆಕೆಂಡು ಕಳೆದಿರುತ್ತದೆ; ಹೋಗುವಾಗೊಮ್ಮೆ ಬರುವಾಗೊಮ್ಮೆ ಅಂದರೆ ಅದರ ದುಪ್ಪಟ್ಟು. 128 ಆದರೆ ಮೂರಕ್ಕಿಂತ ಕಡಿಮೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದೂರ ಸಾಗಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಪಕ್ಕದಲ್ಲಿ ಕೂತ ಮೃದಂಗದವರ ಪೆಟ್ಟು ಕಿವಿಗೆ ಬೀಳುವಷ್ಟು ತಡ ಮಾತ್ರ. ಕಿವಿ ಅದನ್ನು ತಡವೆಂದು ಎಣಿಸುವುದೇ ಇಲ್ಲ.

ಆದರೆ ಬಫರ್ ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಅವಸರ ಹೆಚ್ಚು. ಮೂರು ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೆಲಸ ಬಿಟ್ಟು ದನಿಯ ಕಡೆ ತಿರುಗಲೇಬೇಕು. ಆ ಕ್ಷಣದಲ್ಲಿ ಅದು ವೈಫೈ ಹುಡುಕುತ್ತಲೋ ಡಿಸ್ಕು ತಡಕುತ್ತಲೋ ಇದ್ದರೆ ಟಿಕ್ ಎಂದು ಒಂದು ಸದ್ದು. ಲಿನಕ್ಸ್‌ನವರು ಇದನ್ನು 'ಎಕ್ಸ್‌ರನ್' ಅನ್ನುತ್ತಾರೆ. ಒಳ್ಳೆಯ ಟೇಕ್ ನಡುವೆ ಒಂದು ಎಕ್ಸ್‌ರನ್ ಬಂದರೆ ಮೇಷ್ಟ್ರಿಗೆ ಮತ್ತೊಮ್ಮೆ ನುಡಿಸಿ ಎನ್ನಬೇಕು. ಆ ಭಾವ ಎರಡನೆಯ ಸಲ ಬರುವ ಖಾತ್ರಿ ಇಲ್ಲ.

ದನಿ ಬಂದ ತಕ್ಷಣ ಉಳಿದದ್ದೆಲ್ಲ ಪಕ್ಕಕ್ಕೆ ಸರಿಯಬೇಕು ಎಂಬ ಶಿಸ್ತನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಲಿಸಲು ಇಪ್ಪತ್ತು ವರ್ಷ ಹಿಡಿಯಿತು. ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಆ 'ರಿಯಲ್ ಟೈಮ್' ತೇಪೆಯನ್ನು ಕರ್ನಲ್ಲಿನ ಹೊರಗಿಟ್ಟುಕೊಂಡೇ ಬೆಳೆಸುತ್ತ ಬಂದರು. ತಿದ್ದಿದ ಭಾಗಗಳು ಒಂದೊಂದಾಗಿ ಒಳಕ್ಕೆ ಹೋದವು, ಕೊನೆಯ ತುಣುಕು ಮಾತ್ರ ಉಳಿದಿತ್ತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಸಮಾವೇಶದಲ್ಲಿ ಗ್ಲೈಕ್ಸ್‌ನರ್ ಅದನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ, ಲಿನಕ್ಸ್‌ನ ಮೂಲಪುರುಷ ಲಿನಸ್ ಟೋರ್ವಾಲ್ಡ್ಸ್ ಕೈಗೆ ಕೊಟ್ಟರು. ಎಲ್ಲವೂ ಈಮೇಲಿನಲ್ಲೇ ನಡೆಯುವ ಆ ಜಗತ್ತಿನಲ್ಲಿ ಕಾಗದ ಕೊಡುವುದೆಂದರೆ ಮದುವೆಯ ಕರೆಯೋಲೆ ಕೊಟ್ಟ ಹಾಗೆಯೇ ಸರಿ. ಆ ವರ್ಷದ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಅದು ಸೇರಿತು. ಸಂಗೀತಗಾರರಿಗೆಂದೇ ಮಾಡಿದ್ದಲ್ಲ, ಕಾರ್ಖಾನೆಯ ಯಂತ್ರಗಳಿಗೆ, ರೋಬಾಟುಗಳಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಆದರೆ ಶ್ರೀನಗರದ ಕೋಣೆಯಲ್ಲಿ ಮೇಷ್ಟ್ರ ಕಮಾನಿಗೂ ಅದು ಕೆಲಸಕ್ಕೆ ಬರುತ್ತದೆ.

ರೆಕಾರ್ಡಿಂಗ್ ಮುಗಿದು ಮೇಷ್ಟ್ರು ಕೆಳಗೆ ಅಮ್ಮನ ಹತ್ತಿರ ಕಾಫಿಗೆ ಹೋದ ಮೇಲೆ ಅವನು ನನಗೆ ಪರದೆ ತೋರಿಸಿದ. ಒಂದು ಕಿಟಕಿಯಲ್ಲಿ ಚೌಕಾಕಾರದ ಪೆಟ್ಟಿಗೆಗಳು, ಅವುಗಳ ನಡುವೆ ಹಸಿರು, ಕೆಂಪು ಗೆರೆಗಳು ಬಾಗಿ ಬಳುಕಿ ಹೋಗಿವೆ, ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿದ ಹಾಗೆ. ಒಂದು ಪೆಟ್ಟಿಗೆ ಮೈಕು, ಇನ್ನೊಂದು ರೆಕಾರ್ಡ್ ಮಾಡುವ ತಂತ್ರಾಂಶ, ಮತ್ತೊಂದು ಬ್ರೌಸರು. ಮೌಸಿನಿಂದ ಒಂದು ಗೆರೆ ಎಳೆದು ಬ್ರೌಸರಿನ ದನಿಯನ್ನು ನೇರ ಟ್ರ್ಯಾಕ್‌ಗೆ ಕೂಡಿಸಿದ. ನಿರ್ದೇಶಕರು ವಿಡಿಯೋ ಕಾಲಿನಲ್ಲಿ ಗುನುಗಿದ ರಾಗ ಹಾಗೆಯೇ ರೆಕಾರ್ಡ್ ಆಯಿತು. ಇದನ್ನು ಮಾಡಿಸುತ್ತಿರುವುದು ಪೈಪ್‌ವೈರ್. ರೆಡ್ ಹ್ಯಾಟ್ ಕಂಪನಿಯ ವಿಮ್ ಟೇಮನ್ಸ್ ಬರೆದದ್ದು. ಅದಕ್ಕೆ ಮೊದಲು ಮನೆಬಳಕೆಗೆ ಪಲ್ಸ್‌ಆಡಿಯೋ, ಸಂಗೀತಕ್ಕೆ ಜ್ಯಾಕ್ ಎಂದು ಎರಡು ಒಲೆ ಹೂಡಿ, ಒಂದು ಉರಿಯುವಾಗ ಇನ್ನೊಂದನ್ನು ಆರಿಸುತ್ತ ಕೂರಬೇಕಿತ್ತು. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿ ಪೈಪ್‌ವೈರ್ ಅನ್ನೇ ಮೂಲ ವ್ಯವಸ್ಥೆಯಾಗಿ ಒಪ್ಪಿಕೊಂಡಿತು, ಉಳಿದವರು ಹಿಂಬಾಲಿಸಿದರು. ಹಳೆಯ ಕಾಲದ ಫಜೀತಿ ಕಂಡವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ಹೊಸಬರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ.

ಜ್ಯಾಕ್ ಬರೆದವರು ಪಾಲ್ ಡೇವಿಸ್. ಅಮೆಜಾನ್ ಪುಸ್ತಕದಂಗಡಿಯಾಗಿ ಹುಟ್ಟಿದಾಗ ಅದರ ಮೊದಲ ಇಬ್ಬರು ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಅಲ್ಲಿಂದ ಹೊರಬಂದು, 1999ರ ಸುಮಾರಿಗೆ, ಹ್ಯಾಮರ್‌ಫಾಲ್ ಎಂಬ ರೆಕಾರ್ಡಿಂಗ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆಯಲು ಕೂತರು. ಕಾರ್ಡು ನಡೆಯಿತು. ಆದರೆ ಅದರಿಂದ ಬಂದ ಟ್ರ್ಯಾಕುಗಳನ್ನು ಹಿಡಿದಿಡಲು ಲಿನಕ್ಸ್‌ನಲ್ಲಿ ಒಂದು ತಕ್ಕ ತಂತ್ರಾಂಶ ಇರಲಿಲ್ಲ. ಹೀಗೆ ಹುಟ್ಟಿದ್ದು ಆರ್ಡರ್. ಕಾಲು ಶತಮಾನ ಕಳೆದರೂ ಅವರು ಅದನ್ನೇ ಬರೆಯುತ್ತಿದ್ದಾರೆ. ಮೂಲ ಸಂಕೇತ ಎಲ್ಲರಿಗೂ ಬಿಟ್ಟದ್ದು. ಸಿದ್ಧಪಡಿಸಿದ ಪ್ರತಿ ಬೇಕಾದರೆ ನಿಮ್ಮ ಶಕ್ತ್ಯನುಸಾರ ಹಣ ಕೊಡಿ. ಹ್ಯಾರಿಸನ್ ಎಂಬ ಮಿಕ್ಸಿಂಗ್ ಕನ್ಸೋಲ್ ತಯಾರಕರು (ಮೈಕೆಲ್ ಜ್ಯಾಕ್ಸನ್ನರ 'ಥ್ರಿಲ್ಲರ್' ಮಿಕ್ಸ್ ಆದದ್ದು ಅವರ ಕನ್ಸೋಲಿನಲ್ಲಿ) ಇದೇ ಆರ್ಡರ್ ಆಧಾರದ ಮೇಲೆ ತಮ್ಮ ಮಿಕ್ಸ್‌ಬಸ್ ತಂತ್ರಾಂಶ ಕಟ್ಟಿ ಮಾರುತ್ತಿದ್ದಾರೆ.

ಹಾಗಾದರೆ ಕೊರತೆ ಎಲ್ಲಿ? ಎಲ್ಲರೂ ಆರ್ಡರ್ ಬಳಸಬಹುದಲ್ಲ? ಸ್ವತಂತ್ರ ತಂತ್ರಾಂಶದ ಗೆಳೆಯರು ಈ ಪ್ರಶ್ನೆಯನ್ನು ಮುಗ್ಧವಾಗಿ ಕೇಳುತ್ತಾರೆ. ನನಗೆ ಅವರ ಮೇಲೆ ಗೌರವವಿದೆ, ಆದರೆ ಅವರು ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ "ಬೆಳಗ್ಗೆ ಎಂಟಕ್ಕೆ ಎಡಿಟಿಂಗ್ ಟೇಬಲ್‌ಗೆ ಬೇಕು" ಎನ್ನುವ ನಿರ್ಮಾಪಕರ ಕೈಕೆಳಗೆ ಕೆಲಸ ಮಾಡಿದವರಲ್ಲ. ವೃತ್ತಿಯ ಸಂಗೀತಗಾರನ ಕೈಗೆ ಬೇಕಾದದ್ದು ಒಂದು ತಂತ್ರಾಂಶವಲ್ಲ, ಅದರೊಳಗೆ ಕೂರುವ ನೂರಾರು ಪ್ಲಗಿನ್‌ಗಳು. ತಬಲಾ, ಮೃದಂಗ, ಢೋಲಕ್, ನಾದಸ್ವರ, ಸ್ವರಮಂಡಲ ಇವುಗಳ ಪೆಟ್ಟು ಪೆಟ್ಟನ್ನೂ ಸ್ವರ ಸ್ವರವನ್ನೂ ಮಾದರಿ ಹಿಡಿದಿಟ್ಟ ಲೈಬ್ರರಿಗಳಲ್ಲಿ ಹೆಚ್ಚಿನವು ಕೊಂಟಾಕ್ಟ್ ಎಂಬ ಪ್ಲೇಯರಿಗಾಗಿ ಮಾಡಿದವು. ಕೊಂಟಾಕ್ಟ್ ಲಿನಕ್ಸ್‌ಗೆ ಇಲ್ಲ. ಹೆಸರಾಂತ ಕಂಪ್ರೆಸರ್, ರಿವರ್ಬ್‌ಗಳಲ್ಲಿ ಹಲವಕ್ಕೆ ಐಲಾಕ್ ಬೀಗ. ಹಣ ಕೊಟ್ಟು ಕೊಂಡವನು ಹೌದೋ ಅಲ್ಲವೋ ಎಂದು ಪ್ರತಿ ಸಲ ಪರೀಕ್ಷಿಸುವ ಈ ಬೀಗಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಬೀಗವೇ ತೆರೆಯದಿದ್ದರೆ ಒಳಗಿರುವುದು ಎಷ್ಟು ಚೆನ್ನಾಗಿದ್ದರೇನು.

ಇನ್ನು ಸಿನಿಮಾ ಅಂದರೆ ಪ್ರೋ ಟೂಲ್ಸ್ ಎಂಬ ತಂತ್ರಾಂಶ. ಕೊನೆಯ ಮಿಕ್ಸಿಂಗ್ ನಡೆಯುವ ಥಿಯೇಟರಿನಲ್ಲಿ ಅದೇ ಭಾಷೆ. ಅದೂ ಲಿನಕ್ಸ್‌ಗೆ ಇಲ್ಲ.

ಇದೇ ಬೆಂಗಳೂರಿನಲ್ಲಿ, ಅದೇ ಸಿನಿಮಾದ ಚಿತ್ರದ ಕಡೆಗೆ ಹೋಗಿ ನೋಡಿದರೆ ಚಿತ್ರಣವೇ ಬೇರೆ. ವಿಎಫ್‌ಎಕ್ಸ್ ಕಂಪನಿಗಳ ಸಾಲು ಸಾಲು ಮೇಜುಗಳಲ್ಲಿ ಲಿನಕ್ಸ್ ನಡೆಯುತ್ತದೆ. ಮಾಯಾ, ಹೂಡಿನಿ, ನ್ಯೂಕ್, ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್, ಹೆಚ್ಚಿನವು ದುಬಾರಿ, ಎಲ್ಲವೂ ವಾಣಿಜ್ಯ ಸರಕು, ಎಲ್ಲವೂ ಲಿನಕ್ಸ್‌ನಲ್ಲಿ ಸಿಗುತ್ತವೆ. ಯಾಕೆಂದರೆ ಅಲ್ಲಿ ಕೊಳ್ಳುವವರು ದೊಡ್ಡವರು. ತೊಂಬತ್ತರ ದಶಕದಲ್ಲಿ ಹಾಲಿವುಡ್ಡಿನ ಸ್ಟುಡಿಯೋಗಳು ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪನಿಯ ಯುನಿಕ್ಸ್ ಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದವು. ಆ ಯಂತ್ರಗಳು ಆನೆ ಸಾಕಿದಷ್ಟು ದುಬಾರಿ. 1997ರ 'ಟೈಟಾನಿಕ್' ಚಿತ್ರಕ್ಕಾಗಿ ಡಿಜಿಟಲ್ ಡೊಮೇನ್ ಸಂಸ್ಥೆ ನೂರಕ್ಕೂ ಹೆಚ್ಚು ಯಂತ್ರಗಳನ್ನು ಲಿನಕ್ಸ್ ಮೇಲೆ ಓಡಿಸಿ ನೀರನ್ನೂ ಹಡಗನ್ನೂ ಮೂಡಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಸ್ಟುಡಿಯೋಗಳು ಒಂದೊಂದಾಗಿ ಆ ಕಡೆ ಸರಿದವು. ಐನೂರು ಪರವಾನಗಿ ಒಮ್ಮೆಗೇ ಕೊಳ್ಳುವ ಗಿರಾಕಿ ಬಂದು "ನಮಗೆ ಲಿನಕ್ಸ್‌ನಲ್ಲಿ ಬೇಕು" ಎಂದರೆ ಯಾವ ಮಾರಾಟಗಾರ ಇಲ್ಲ ಎನ್ನುತ್ತಾನೆ?

ಸಂಗೀತಗಾರ ಒಬ್ಬಂಟಿ ಗಿರಾಕಿ. ಒಂದು ಪರವಾನಗಿ ಕೊಳ್ಳುತ್ತಾನೆ, ಅದನ್ನೂ ರಿಯಾಯಿತಿ ಬರುವ ನವೆಂಬರ್ ತನಕ ಕಾದು. ಅವನು ಬರೆದ ಕಾಗದಕ್ಕೆ ಬೆಲೆ ಅಷ್ಟೇ. ನಮ್ಮ ಶ್ರೀನಗರದವನು ಒಂದು ಕಂಪನಿಗೆ ಬರೆದಿದ್ದಾನೆ, ಉತ್ತರವೂ ಬಂದಿದೆ: ಸದ್ಯಕ್ಕೆ ಅಂಥ ಯೋಜನೆಯಿಲ್ಲ, ನಿಮ್ಮ ಸಲಹೆಯನ್ನು ಸಂಬಂಧಪಟ್ಟವರಿಗೆ ತಲುಪಿಸಿದ್ದೇವೆ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಅಭ್ಯಾಸವಿರುವ ನಮಗೆ ಆ ಧಾಟಿ ಹೊಸದೇನಲ್ಲ.

ಕಂಪನಿಗಳ ವಾದದಲ್ಲೂ ಹುರುಳಿಲ್ಲದಿಲ್ಲ. ಲಿನಕ್ಸ್ ಅಂದರೆ ಯಾವ ಲಿನಕ್ಸ್? ಉಬುಂಟು, ಫೆಡೋರಾ, ಆರ್ಚ್, ಡೆಬಿಯನ್, ಪ್ರತಿಯೊಂದರಲ್ಲೂ ಒಳಗಿನ ಲೈಬ್ರರಿಗಳ ಆವೃತ್ತಿ ಬೇರೆ. ಪರದೆಯ ಮೇಲೆ ಕಿಟಕಿ ಮೂಡಿಸುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸತು ವೇಲ್ಯಾಂಡ್. ಪ್ಲಗಿನ್ನಿನ ಕಿಟಕಿ ತಂತ್ರಾಂಶದ ಕಿಟಕಿಯೊಳಗೆ ಕೂರಬೇಕಾದಾಗ ಇವೆರಡರ ಜಗಳ ಬೀದಿಗೆ ಬರುತ್ತದೆ. ನೂರು ಪ್ರತಿ ಮಾರಿ ಸಾವಿರ ದೂರು ಕೇಳುವ ಭಯ ಅವರಿಗೆ. ಇದು ಸುಳ್ಳಲ್ಲ. ಆದರೆ ಬಂದವರು ಬಂದಿದ್ದಾರಲ್ಲ. ಏಬಲ್ಟನ್ ಬಿಟ್ಟು ಹೊರಬಂದ ಕೆಲವರು ಬರ್ಲಿನ್ನಿನಲ್ಲಿ ಕಟ್ಟಿದ ಬಿಟ್‌ವಿಗ್ ಸ್ಟುಡಿಯೋ ಎಂಬ ತಂತ್ರಾಂಶ 2014ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದ ದಿನವೇ ಲಿನಕ್ಸ್‌ಗೂ ಬಂತು. ವಿನ್‌ಆಂಪ್ ಬರೆದು ಹೆಸರಾದ ಜಸ್ಟಿನ್ ಫ್ರಾಂಕೆಲ್ ಅವರ ರೀಪರ್ ಲಿನಕ್ಸ್‌ನಲ್ಲಿ ಸಲೀಸಾಗಿ ನಡೆಯುತ್ತದೆ. 60 ದಿನ ಬಳಸಿ ನೋಡಿ, ಹಿಡಿಸಿದರೆ ಚಿಕ್ಕ ಬಳಕೆದಾರರು 60 ಡಾಲರ್ ಕೊಡಿ. ಪ್ರಿಸೋನಸ್ ಕಂಪನಿಯೂ 2023ರಲ್ಲಿ ತನ್ನ ಸ್ಟುಡಿಯೋ ಒನ್ ತಂತ್ರಾಂಶವನ್ನು ಪ್ರಯೋಗಾರ್ಥ ಲಿನಕ್ಸ್‌ಗೆ ಬಿಟ್ಟಿತು.

ಇವರಲ್ಲಿ ನನ್ನ ಮೆಚ್ಚಿನವರು ಫ್ರಾನ್ಸಿನ ಟುಲೂಸಿನವರು. ಫಿಲಿಪ್ ಗೀಯೋಮ್ ಎಂಬುವರು ಮೊದಲು ಪಿಯಾನೋಗೆ ಶ್ರುತಿ ಮಾಡುವ, ಹಳೆಯ ಪಿಯಾನೋ ರಿಪೇರಿ ಮಾಡುವ ಕಸುಬಿನವರು. ಆಮೇಲೆ ಗಣಿತದ ಪ್ರಾಧ್ಯಾಪಕರಾದರು. ಸುತ್ತಿಗೆ ತಂತಿಗೆ ಬಡಿದಾಗ ಏನಾಗುತ್ತದೆ, ಹಲಗೆ ಹೇಗೆ ಕಂಪಿಸುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದರು. ಅದೇ ಪಿಯಾನೋಟೆಕ್. ಬೇರೆಯವರ ಪಿಯಾನೋ ಲೈಬ್ರರಿಗಳು ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಹತ್ತಾರು ಗಿಗಾಬೈಟ್ ನುಂಗಿದರೆ, ಇದರಲ್ಲಿ ರೆಕಾರ್ಡಿಂಗ್ ಎಂಬುದೇ ಇಲ್ಲ. ಹತ್ತಾರು ಮೆಗಾಬೈಟ್‌ಗಳಲ್ಲಿ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ನಡೆಯುತ್ತದೆ, ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಸರಕೇ ಇದು. ಕೊಳ್ಳುವವರು ಕೊಳ್ಳುತ್ತಿದ್ದಾರೆ. ಲಿನಕ್ಸ್ ಬಳಸುವವರು ಎಲ್ಲವನ್ನೂ ಪುಕ್ಕಟೆ ಕೇಳುತ್ತಾರೆ ಎಂಬ ಮಾತಿಗೆ ನಾನು ಇದನ್ನೇ ತೋರಿಸುತ್ತೇನೆ. ನಿಜ ಹೇಳಬೇಕೆಂದರೆ ಪುಕ್ಕಟೆ ಬೇಕಿದ್ದವರಿಗೆ ವಿಂಡೋಸ್‌ನಲ್ಲಿ 'ಕ್ರ್ಯಾಕ್' ಇದ್ದೇ ಇತ್ತು. ನಮ್ಮ ಊರುಗಳ ಮನೆ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಏನೇನು ದಾಟಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲದ್ದನ್ನು ತರಲು ಇರುವ ದಾರಿ ವೈನ್. ವಿಂಡೋಸ್‌ಗಾಗಿ ಬರೆದ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ಈ ಪದರವನ್ನು 1993ರಿಂದ ಬರೆಯುತ್ತಲೇ ಇದ್ದಾರೆ. ಅದರ ಮೇಲೆ ರಾಬರ್ಟ್ ವ್ಯಾನ್ ಡರ್ ಹೆಲ್ಮ್ ಬರೆದ ಯಾಬ್ರಿಜ್ ಎಂಬ ಸೇತುವೆ ಇದ್ದರೆ ವಿಂಡೋಸ್ ಪ್ಲಗಿನ್ನು ಲಿನಕ್ಸ್ ತಂತ್ರಾಂಶದಲ್ಲಿ ಮನೆಯವನ ಹಾಗೆ ಬಂದು ಕೂರುತ್ತದೆ. ಶ್ರೀನಗರದ ಪರದೆಯಲ್ಲೂ ಒಂದಿಷ್ಟು ಹೀಗೆಯೇ ಕೂತಿದ್ದವು. ಅವನು ಒಂದನ್ನು ತೆರೆದ. ಗುಂಡಿಯ ಮೇಲೆ ಮೌಸು ಇಟ್ಟು ತಿರುಗಿಸಿದ, ತಿರುಗಿತು.

"ವೈನ್ ಅಪ್‌ಡೇಟ್ ಮಾಡಿದ್ರೆ ಇದು ಕೆಡುತ್ತೆ ಸರ್. ಮೌಸ್ ಒಂದ್ ಕಡೆ ಇಟ್ರೆ ಇನ್ನೊಂದ್ ಕಡೆ ಒತ್ತುತ್ತೆ. ಅದಕ್ಕೇ 9.21ರಲ್ಲೇ ನಿಲ್ಸಿದ್ದೀನಿ."

ಇದು ಅವನೊಬ್ಬನ ಪಾಡಲ್ಲ. 9.22ರಲ್ಲಾದ ಬದಲಾವಣೆಯ ನಂತರ ಯಾಬ್ರಿಜ್ ಬಳಸುವ ಎಷ್ಟೋ ಮಂದಿ ಆ ಹಳೆಯ ಆವೃತ್ತಿಗೇ ಅಂಟಿಕೊಂಡರು. ಕಂಪ್ಯೂಟರ್ ಆಟ ಆಡುವವರಿಗೆ ವಾಲ್ವ್ ಎಂಬ ದೊಡ್ಡ ಕಂಪನಿ ಸಿಕ್ಕಿತು. 2018ರಲ್ಲಿ ವೈನ್ ಮೇಲೆಯೇ ಪ್ರೋಟಾನ್ ಕಟ್ಟಿತು, 2022ರಲ್ಲಿ ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ಎಂಬ ಆಟದ ಯಂತ್ರ ಮಾರಿತು, ವಿಂಡೋಸ್ ಆಟಗಳು ಸಾವಿರಗಟ್ಟಲೆ ಈ ಕಡೆ ಬಂದವು. ಸಂಗೀತದವರಿಗೆ ಅಂಥ ಒಬ್ಬ ದಣಿ ಸಿಕ್ಕಿಲ್ಲ. ಸೌಂಡ್ ಕಾರ್ಡುಗಳ ವಿಷಯದಲ್ಲಿ ಮಾತ್ರ ಅನಿರೀಕ್ಷಿತ ಕಡೆಯಿಂದ ಸಹಾಯ ಬಂತು. ಐಪ್ಯಾಡಿಗೆ ಕಾರ್ಡು ಜೋಡಿಸಬೇಕಾದರೆ ಅದು ಪ್ರತ್ಯೇಕ ಡ್ರೈವರ್ ಇಲ್ಲದೆ ಯುಎಸ್‌ಬಿಯ ಸಾಮಾನ್ಯ ನಿಯಮದಂತೆ ನಡೆಯಬೇಕಿತ್ತು. ಐಪ್ಯಾಡಿಗೆಂದು ಹಾಗೆ ಮಾಡಿದ ಕಾರ್ಡುಗಳೆಲ್ಲ ಲಿನಕ್ಸ್‌ಗೂ ತಾವಾಗಿಯೇ ಒಗ್ಗಿಕೊಂಡವು. ಮೇಜಿನ ಮೇಲಿದ್ದ ಆ ಕೆಂಪು ಕಾರ್ಡು ಫೋಕಸ್‌ರೈಟ್ ಸ್ಕಾರ್ಲೆಟ್. ಅದರ ಒಳಗಿನ ಮಿಕ್ಸರನ್ನು ಲಿನಕ್ಸ್‌ನಿಂದಲೇ ತಿರುಗಿಸುವಂತೆ ಡ್ರೈವರ್ ಬರೆದವರು ಜೆಫ್ರಿ ಬೆನೆಟ್, ತಮ್ಮ ಸ್ವಂತ ಆಸಕ್ತಿಯಿಂದ. ಕಂಪನಿ ಆಮೇಲೆ ಕೈಜೋಡಿಸಿತು.

ಇಷ್ಟೆಲ್ಲ ಒದ್ದಾಡಿ ಲಿನಕ್ಸ್ ಏಕೆ? ಎರಡು ಲಕ್ಷ ಕೊಟ್ಟು ಮ್ಯಾಕ್ ತಗೊಂಡು ಸುಮ್ಮನಿರಬಾರದೇ ಎಂದು ಕೇಳಿದೆ. ಎರಡು ಲಕ್ಷದ ಪ್ರಶ್ನೆ ಇದ್ದೇ ಇದೆ. ಭಕ್ತಿಗೀತೆಯ ಸಂಭಾವನೆಯಲ್ಲಿ ಅದು ಎಷ್ಟು ಹಾಡು ಎಂದು ಅವನು ಲೆಕ್ಕ ಹೇಳಿದ, ನಾನು ಸುಮ್ಮನಾದೆ. ಆದರೆ ಅವನ ನಿಜವಾದ ಕಾರಣ ಬೇರೆ. ಕಪಾಟಿನಿಂದ ಒಂದು ಹಾರ್ಡ್ ಡಿಸ್ಕ್ ತೆಗೆದ. ಅದರಲ್ಲಿ ಅವನ ಮೊದಲ ಹಾಡುಗಳ ಸೆಷನ್‌ಗಳಿವೆ. ಆಗ ಬಳಸಿದ ತಂತ್ರಾಂಶದ ಆ ಆವೃತ್ತಿ ಈಗಿನ ಕಂಪ್ಯೂಟರಿನಲ್ಲಿ ಕೂರುವುದಿಲ್ಲ, ಹೊಸ ಆವೃತ್ತಿ ಕೊಂಡು ತೆರೆದರೆ ಅರ್ಧ ಪ್ಲಗಿನ್‌ಗಳು ಕಾಣೆ. ಹಾಡಿನ ಎಂಪಿ3 ಇದೆ. ಗಾಯಕಿಯ ದನಿಯನ್ನು ಬೇರೆ ಮಾಡಿ ಹೊಸದಾಗಿ ಮಿಕ್ಸ್ ಮಾಡೋಣ ಎಂದರೆ ದಾರಿಯಿಲ್ಲ. ಆಕೆ ಈಗ ಹಾಡುವುದನ್ನು ಬಿಟ್ಟಿದ್ದಾರೆ.

ಇಂಥ ಪೆಟ್ಟುಗಳ ಚರಿತ್ರೆ ಉದ್ದವಿದೆ. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಹುಟ್ಟುವಾಗಲೇ ವಾದ್ಯಗಳನ್ನು ಜೋಡಿಸುವ ಮಿಡಿ ಕಿಂಡಿಗಳಿದ್ದವು. ಸಂಗೀತಗಾರರು ಮುಗಿಬಿದ್ದರು, ಕ್ಯೂಬೇಸ್ ತಂತ್ರಾಂಶ ಬೆಳೆದದ್ದೂ ಅದರಲ್ಲೇ. ಅಟಾರಿ ಮುಳುಗಿತು. 2002ರಲ್ಲಿ ಆಪಲ್ ಕಂಪನಿ ಇಮ್ಯಾಜಿಕ್ ಕಂಪನಿಯನ್ನು ಕೊಂಡು, ಅದರ ಲಾಜಿಕ್ ತಂತ್ರಾಂಶದ ವಿಂಡೋಸ್ ಆವೃತ್ತಿಯನ್ನು ಅಲ್ಲಿಗೇ ನಿಲ್ಲಿಸಿತು. ಹಣ ಕೊಟ್ಟು ಕೊಂಡಿದ್ದ ವಿಂಡೋಸ್ ಬಳಕೆದಾರರು ಬೀದಿಯಲ್ಲಿ ನಿಂತರು. 2017ರಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಸೋನಾರ್ ತಂತ್ರಾಂಶದ ಕೆಲಸವನ್ನು ಮುಚ್ಚಿಬಿಟ್ಟಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಕೊಂಡದ್ದರಿಂದ ಬಚಾವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿ ಮುಗಿಯಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ, ಆದರೆ ನಲವತ್ತು ಟ್ರ್ಯಾಕನ್ನು ಆರಾಮವಾಗಿ ಹೊರಬಲ್ಲ ಕಂಪ್ಯೂಟರುಗಳು ಎಸ್.ಪಿ. ರೋಡಿನ ಅಂಗಡಿಗಳ ಮುಂದೆ ಮೂಟೆಯಾಗಿ ಬಿದ್ದಿವೆ. ಸಂಗೀತಗಾರ ಕೇಳುವುದು ದೊಡ್ಡ ಕ್ರಾಂತಿಯನ್ನಲ್ಲ. ತನ್ನ ಕೆಳಗಿನ ನೆಲವನ್ನು ಯಾರೋ ಒಂದು ಬೆಳಗ್ಗೆ ಎಳೆದುಕೊಂಡು ಹೋಗದಿರಲಿ, ಅದರ ಮೇಲೆ ತಾನು ಹಣ ಕೊಟ್ಟು ಕೊಂಡ ಸಾಮಾನು ಇಟ್ಟುಕೊಳ್ಳಲು ಬಿಡಿ ಎಂದಷ್ಟೇ. ಇದು ಸ್ವತಂತ್ರ ತಂತ್ರಾಂಶದವರಿಗೆ ರಾಜಿಯಂತೆ ಕಾಣುತ್ತದೆ, ಕಂಪನಿಗಳಿಗೆ ನಷ್ಟದಂತೆ ಕಾಣುತ್ತದೆ. ನಡುವೆ ನಿಂತವನಿಗೆ ಮಾತ್ರ ಇದು ಸಾಮಾನ್ಯ ಕೋರಿಕೆ.

ಬೀಗಗಳು ಒಂದೊಂದಾಗಿ ಸಡಿಲವಾಗುತ್ತಿರುವುದೂ ಸುಳ್ಳಲ್ಲ. ಪ್ಲಗಿನ್‌ಗಳ ವಿಎಸ್‌ಟಿ ಎಂಬ ಕಟ್ಟಳೆ 1996ರಲ್ಲಿ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿಯಿಂದ ಬಂದದ್ದು. ಅದರ ಮೂರನೆಯ ಪೀಳಿಗೆ 2017ರಲ್ಲಿ ಲಿನಕ್ಸ್ ಅನ್ನು ಒಪ್ಪಿಕೊಂಡಿತು. 2022ರಲ್ಲಿ ಬಿಟ್‌ವಿಗ್ ಮತ್ತು ಯು-ಹಿ ಎಂಬ ಬರ್ಲಿನ್ನಿನ ಎರಡು ಕಂಪನಿಗಳು ಸೇರಿ ಕ್ಲ್ಯಾಪ್ ಎಂಬ ಇನ್ನೊಂದು ಕಟ್ಟಳೆಯನ್ನು ಯಾರ ಅಪ್ಪಣೆಯೂ ಬೇಡದಂತೆ ಬಿಟ್ಟುಕೊಟ್ಟವು. ಸರ್ಜ್ ಎಂಬ ಸಿಂಥಸೈಜರನ್ನು ಅದರ ಕರ್ತೃ 2018ರಲ್ಲಿ ಮುಕ್ತಗೊಳಿಸಿದರು; ಊರೂರಿನವರು ಸೇರಿ ಅದನ್ನು ಬೆಳೆಸಿರುವ ಪರಿ ನೋಡಿದರೆ ಹಣ ಕೊಟ್ಟು ಕೊಂಡವರಿಗೆ ಹೊಟ್ಟೆ ಉರಿಯಬೇಕು. ಏರ್‌ವಿಂಡೋಸ್ ಹೆಸರಿನಲ್ಲಿ ಕ್ರಿಸ್ ಜಾನ್ಸನ್ ಎಂಬುವರು ಒಬ್ಬರೇ ಕೂತು ನೂರಾರು ಪ್ಲಗಿನ್ ಬರೆದು ಹಂಚಿದ್ದಾರೆ. ಅವುಗಳಿಗೆ ಚಂದದ ಮುಖವಿಲ್ಲ, ಬರೀ ಸ್ಲೈಡರುಗಳು. ಕಣ್ಣು ಮುಚ್ಚಿ ಕೇಳಿದರೆ ಸಾಕು ಎನ್ನುವವರಿಗೆ ಬೇರೇನೂ ಬೇಡ.

ಮೇಷ್ಟ್ರು ಕಾಫಿ ಮುಗಿಸಿ ಮತ್ತೆ ಮೇಲೆ ಬಂದರು. ನುಡಿಸಿದ್ದನ್ನು ಕೇಳಿಸಿಕೊಂಡರು. ಚರಣದ ಕೊನೆಯಲ್ಲಿ ಒಂದು ಕಡೆ ಬೆರಳು ಎತ್ತಿ, "ಇಲ್ಲಿ ಮೃದಂಗ ಸ್ವಲ್ಪ ಹಿಂದಕ್ಕೆ ಹೋಗ್ಲಿ, ಗದ್ದಲ ಆಯ್ತು" ಅಂದರು. ಯುವಕ ತಲೆ ಕೆರೆದುಕೊಂಡ. ಆ ಮೃದಂಗ ಲೈಬ್ರರಿಯದು. ಲಿನಕ್ಸ್‌ನಲ್ಲಿ ಅದು ಯಾವ ಸೇತುವೆಯಿಂದಲೂ ದಾಟಿ ಬಂದಿಲ್ಲ. ಕಂಪ್ಯೂಟರನ್ನು ಆರಿಸಿ, ಇನ್ನೊಂದು ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಹೋಗಿ, ಅಲ್ಲಿ ಪೆಟ್ಟುಗಳನ್ನು ತಿದ್ದಿ, 48 ಕಿಲೋಹರ್ಟ್ಸ್‌ನ ವೇವ್ ಫೈಲ್ ಮಾಡಿಕೊಂಡು, ಮತ್ತೆ ಆರಿಸಿ ಈ ಕಡೆ ಬರಬೇಕು.

"ಆ ಡಿಸ್ಕು ಇಟ್ಕೊಂಡಿರೋದೇ ಈ ಮೃದಂಗ, ತಬಲಕ್ಕೆ ಸರ್. ಆ ಕಂಪನಿಯವ್ರು ಲಿನಕ್ಸ್‌ಗೆ ಕೊಡ್ತೀವಿ ಅಂದ್ರೆ ಇನ್ನೊಂದ್ಸಲ ಪೂರ್ತಿ ದುಡ್ಡು ಕೊಟ್ಟೇ ತಗೋತೀನಿ. ರಿಯಾಯಿತಿನೂ ಕೇಳಲ್ಲ."

"ಅಷ್ಟು ದುಡ್ಡು ಕೊಡೋ ಬದಲು ನಮ್ಮ ಮೃದಂಗದವನನ್ನೇ ಕರೆಸಿದ್ರೆ ಆಗಲ್ವೇನಯ್ಯ?" ಎಂದರು ಮೇಷ್ಟ್ರು, ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತ. "ಭಾನುವಾರ ಬಿಡುವಾಗಿದ್ದಾನೆ. ಫೋನ್ ಮಾಡ್ಲಾ?"

ಭಾನುವಾರ ಬೆಳಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು.